ಸೇಬಿನ ಮರದ ಕಹಿ: ಹುಳಕ್ಕೆ ತಡೆ, ಸಿಹಿಮೂತ್ರಕ್ಕೆ ಮದ್ದು

ಸೇಬನ್ನು ಕೊಯ್ದು ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟರೆ ಬಿಳಿ ತಿರುಳು ಕಂದು ಬಣ್ಣಕ್ಕೆ ತಿರುಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಹಣ್ಣು ಹಾಳಾಯಿತೆಂದು ಮಕ್ಕಳು ಬದಿಗೆ ಸರಿಸುತ್ತಾರೆ. ಆದರೆ ಅದು ಹಾಳಾದದ್ದಲ್ಲ. ಗಾಯವಾದ ಜಾಗದಲ್ಲಿ ಬೂಷ್ಟು ಮತ್ತು ಹುಳ ಒಳಹೋಗದಂತೆ ತಡೆಯಲು ಸೇಬಿನ ಗಿಡ ಮಾಡುವ ಒಂದು ಕೆಲಸ ಅದು. ಮರದಿಂದ ಕೊಯ್ದು ತಿಂಗಳುಗಳಾದ ಮೇಲೂ ಹಣ್ಣು ಆ ಕೆಲಸವನ್ನು ಮರೆತಿರುವುದಿಲ್ಲ.

ಸೇಬು ಬೆಳೆಯದ ನಮ್ಮ ಊರಿನ ಅಂಕಣದಲ್ಲಿ ಸೇಬಿನ ಮರದ ವಿಷಯವೇಕೆ ಎಂದು ಕೆಲವರಿಗೆ ಅನಿಸಬಹುದು. ಎರಡು ಕಾರಣಗಳಿವೆ. ಚಳಿ ಕಡಿಮೆಯಿದ್ದರೂ ಕಾಯಿ ಕಚ್ಚುವ ಎಚ್‌ಆರ್‌ಎಂಎನ್-99 ಎಂಬ ಸೇಬಿನ ತಳಿ ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರ ತೋಟದಿಂದ ಹೊರಟು ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಸೇರಿದೆ. ಇಂತಹ ಸಸಿ ನೆಟ್ಟವರು, ನೆಡಬೇಕೆಂದಿರುವವರು, 'ಇದಕ್ಕೆ ರೋಗ ಬರುವುದಿಲ್ಲವಂತೆ ಹೌದಾ?' ಎಂದು ಕೇಳುತ್ತಾರೆ. ಇನ್ನೊಂದು, ಸೇಬಿನ ಮರದ ತೊಗಟೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಇದೆ ಎಂಬ ಮಾತು. ಈ ಮಾತಿನಲ್ಲಿ ಸತ್ಯ ಇದೆ, ಅಪಾಯವೂ ಇದೆ. ಎರಡು ಪ್ರಶ್ನೆಗಳ ಉತ್ತರವೂ ಮರದೊಳಗಿನ ಒಂದೇ ಕಹಿ ವಸ್ತುವಿನ ಕಡೆಗೆ ಹೋಗುವುದರಿಂದ ಒಟ್ಟಿಗೇ ನೋಡೋಣ.

ಎರಡು ಕೋಣೆಗಳ ಉಪಾಯ

ಮರಗೆಣಸು ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಮರಗೆಣಸಿನ ಎಲೆ ತಿಂದ ದನ ಸತ್ತದ್ದನ್ನು ಹಿರಿಯರು ಕಂಡಿದ್ದಾರೆ. ಗೆಣಸನ್ನು ಬೇಯಿಸಿ ನೀರು ಬಸಿದು ಚೆಲ್ಲಬೇಕೆಂಬುದು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮರಗೆಣಸಿನ ಜೀವಕೋಶದಲ್ಲಿ ಸಕ್ಕರೆಗೆ ಅಂಟಿಕೊಂಡ ಒಂದು ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಎಲೆ ಜಜ್ಜಿದಾಗ ಅಥವಾ ದನ ಅಗಿದಾಗ ಎರಡೂ ಕೂಡಿ ಸಯನೈಡ್ ವಿಷ ಹುಟ್ಟುತ್ತದೆ. ಗಿಡ ತನ್ನ ಮೈಯಲ್ಲೇ ವಿಷ ಇಟ್ಟುಕೊಂಡು ತಾನು ಸಾಯದೆ ಉಳಿಯುವ ಉಪಾಯ ಇದೇ. ಮದ್ದು ಮತ್ತು ಬತ್ತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಇಟ್ಟ ಹಾಗೆ.

ಸೇಬಿನ ಮರದಲ್ಲೂ ಅದೇ ಏರ್ಪಾಡು ಇದೆ, ವಸ್ತು ಮಾತ್ರ ಬೇರೆ. ಅದರ ಹೆಸರು ಫ್ಲೋರಿಜಿನ್. ಸೇಬಿನ ಎಲೆ, ಎಳೆ ಕೊಂಬೆ, ತೊಗಟೆ, ಬೇರು, ಬೀಜ ಎಲ್ಲದರಲ್ಲೂ ಇದೆ. ಒಣಗಿಸಿದ ಎಲೆಯ ತೂಕದಲ್ಲಿ ನೂರಕ್ಕೆ ಐದರ ಆಸುಪಾಸು ಈ ಒಂದೇ ವಸ್ತು ಇರಬಹುದೆಂದರೆ ಮರ ಇದಕ್ಕಾಗಿ ಎಷ್ಟು ಖರ್ಚು ಮಾಡುತ್ತದೆ ಎಂದು ಊಹಿಸಿ. ಹಣ್ಣಿನ ತಿರುಳಿನಲ್ಲಿ ಮಾತ್ರ ತೀರ ಕಡಿಮೆ. ತಿರುಳನ್ನು ಪ್ರಾಣಿ ತಿನ್ನಬೇಕು, ಬೀಜ ದೂರ ಹೋಗಿ ಬೀಳಬೇಕು, ಅಲ್ಲಿ ಕಹಿ ಇದ್ದರೆ ಮರಕ್ಕೇ ನಷ್ಟ.

ಜೀವಕೋಶ ಗಟ್ಟಿಯಾಗಿರುವವರೆಗೆ ಫ್ಲೋರಿಜಿನ್ ಕೋಶದೊಳಗಿನ ನೀರಿನ ಚೀಲದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಹುಳ ಕಚ್ಚಿದರೆ ಅಥವಾ ಬೂಷ್ಟಿನ ಎಳೆ ಕೋಶವನ್ನು ಸೀಳಿದರೆ ಚೀಲ ಒಡೆಯುತ್ತದೆ. ಆಗ ಒಂದು ಕಿಣ್ವ ಅದರ ಸಕ್ಕರೆಯ ಭಾಗವನ್ನು ಕಡಿದು ಫ್ಲೋರೆಟಿನ್ ಎಂಬ ವಸ್ತುವನ್ನು ಬಿಡಿಸುತ್ತದೆ. ಇನ್ನೊಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಸೇರಿಸಿ ಅದನ್ನು ಕ್ವಿನೋನ್‌ಗಳಾಗಿ ಮಾಡುತ್ತದೆ. ಈ ಕ್ವಿನೋನ್‌ಗಳು ಬ್ಯಾಕ್ಟೀರಿಯಾಗಳಿಗೂ ಶಿಲೀಂಧ್ರಗಳಿಗೂ ವಿಷ. ಹುಳದ ಬಾಯಿಗೆ ಬಿದ್ದ ಎಲೆಯ ಪ್ರೋಟೀನಿಗೆ ಅಂಟಿಕೊಂಡು ಅದು ಜೀರ್ಣವಾಗದಂತೆಯೂ ಮಾಡುತ್ತವೆ. ಕೊನೆಗೆ ಒಂದರೊಡನೊಂದು ಸೇರಿ ಕಂದು ಪದರವಾಗುತ್ತವೆ. ಕೊಯ್ದ ಸೇಬಿನ ತಿರುಳು ಕಂದಾಗುವುದು ಈ ಎರಡನೆಯ ಕಿಣ್ವದಿಂದಲೇ. ಅಲ್ಲಿ ಅದಕ್ಕೆ ಸಿಗುವ ಕಚ್ಚಾವಸ್ತು ಮಾತ್ರ ಬೇರೆ ಫೀನಾಲ್‌ಗಳು. ಲಿಂಬೆರಸ ಸವರಿದರೆ ಬಣ್ಣ ತಿರುಗದಿರುವುದು ಹುಳಿಯಲ್ಲಿ ಆ ಕಿಣ್ವ ಕೆಲಸ ಮಾಡದ ಕಾರಣ.

ಬೇಲಿ ಹಾರುವ ದನ

ಇಷ್ಟು ಕೇಳಿದ ಮೇಲೆ, ಇಂತಹ ಮರಕ್ಕೆ ರೋಗ ಬರುವುದಾದರೂ ಹೇಗೆ ಎಂದು ಕೇಳಬೇಕು. ಬರುತ್ತದೆ, ಧಾರಾಳ ಬರುತ್ತದೆ. ಸೇಬಿನ ತೋಟಕ್ಕೆ ಹೊಡೆಯುವಷ್ಟು ಔಷಧಿ ಹೊಡೆಯುವ ಹಣ್ಣಿನ ಬೆಳೆಗಳು ಪ್ರಪಂಚದಲ್ಲೇ ಕಡಿಮೆ.

ಕಾರಣ ಇಷ್ಟೆ: ಬೇಲಿ ಅಪರಿಚಿತರನ್ನು ತಡೆಯುತ್ತದೆ, ದಿನಾ ಬೇಲಿಯ ಪಕ್ಕದಲ್ಲೇ ಇದ್ದ ದನ ಅದನ್ನು ಹಾರಲು ಕಲಿಯುತ್ತದೆ. ಸಸ್ಯಹೇನುಗಳ ಮೇಲೆ 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಸಕ್ಕರೆ ನೀರಿಗೆ ಫ್ಲೋರಿಜಿನ್ ಬೆರೆಸಿ ಹೇನುಗಳ ಮುಂದೆ ಇಟ್ಟರು. ಸೇಬಿನ ಮೇಲೆ ಬದುಕದ ಹೇನುಗಳು ಬಾಯಿ ಹಾಕಲು ಹಿಂಜರಿದವು. ಸೇಬಿನ ಚಿಗುರಿನಲ್ಲೇ ವಾಸಿಸುವ ಹಸಿರು ಹೇನಿಗೆ ಏನೂ ಅನಿಸಲಿಲ್ಲ, ಅದು ಕುಡಿಯಿತು. ಸಾವಿರಾರು ವರ್ಷ ಆ ಕಹಿಯೊಡನೆ ಬಾಳಿದ ಕೀಟಕ್ಕೆ ಅದು ಊಟದ ರುಚಿಯೇ ಆಗಿಬಿಟ್ಟಿದೆ. ನಮ್ಮ ಕಡೆ ಬೇವಿನ ಮರಕ್ಕೂ ಹುಳ ಬರುತ್ತದಲ್ಲ, ಹಾಗೆ.

ಸೇಬಿನ ದೊಡ್ಡ ಶತ್ರು ಸ್ಕ್ಯಾಬ್ ಎಂಬ ಕಜ್ಜಿರೋಗ. ಎಲೆಯ ಮೇಲೆ ಹಸಿರುಗಪ್ಪು ಮಚ್ಚೆ, ಹಣ್ಣಿನ ಮೇಲೆ ಒರಟು ಕಲೆ, ಬಿರುಕು. ರೋಗ ಬರುವ ತಳಿಗಳಲ್ಲೂ ಫ್ಲೋರಿಜಿನ್ ಸಾಕಷ್ಟು ಇರುತ್ತದೆ, ರೋಗ ಬಾರದ ತಳಿಗಳಲ್ಲೂ ಇರುತ್ತದೆ. ಆದ್ದರಿಂದ ಕಹಿ ಎಷ್ಟಿದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ. ಈ ಬೂಷ್ಟು ಎಲೆಯ ಮೇಲಿನ ಮೇಣದ ಪದರದ ಕೆಳಗೆ, ಕೋಶಗಳನ್ನು ಒಡೆಯದೆ, ಮೆಲ್ಲನೆ ಹರಡುತ್ತದೆ. ಕೋಣೆಯ ಗೋಡೆ ಒಡೆಯದಿದ್ದರೆ ಮದ್ದಿಗೆ ಬೆಂಕಿ ತಗಲುವುದೆಲ್ಲಿಂದ? ಕಳ್ಳನನ್ನು ಗುರುತಿಸಿ ಕೂಗುವ ಕಾವಲುಗಾರ ಬೇಕು. ಆ ಕಾವಲುಗಾರ ಮರದ ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ, ಇರುತ್ತಾನೆ.

ಅಂತಹ ಒಬ್ಬ ಕಾವಲುಗಾರ ಸಿಕ್ಕಿದ್ದು ತಿನ್ನಲು ಬಾರದ ಒಂದು ಹೂವಿನ ಸೇಬಿನಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಿ. ಎಸ್. ಕ್ರಾಂಡಲ್ ಎಂಬವರು 1914ರಲ್ಲಿ ರೋಮ್ ಬ್ಯೂಟಿ ಎಂಬ ತಿನ್ನುವ ಸೇಬಿಗೆ ಚೆರಿ ಹಣ್ಣಿನಷ್ಟೇ ದೊಡ್ಡ ಕಾಯಿ ಬಿಡುವ ಮಾಲುಸ್ ಫ್ಲೋರಿಬುಂಡ ಎಂಬ ಅಲಂಕಾರದ ಮರವನ್ನು ಅಡ್ಡಹಾಯಿಸಿದರು. ಅವರು ರೋಗದ ತಡೆಯನ್ನು ಹುಡುಕುತ್ತಿರಲಿಲ್ಲ. ಆ ಮರದ ಸಂತಾನ ಕಜ್ಜಿರೋಗಕ್ಕೆ ಬಗ್ಗುವುದಿಲ್ಲವೆಂದು ತೋಟದಲ್ಲಿ ಗಮನಕ್ಕೆ ಬಂದದ್ದು ಮೂವತ್ತು ವರ್ಷ ಕಳೆದ ಮೇಲೆ. 1945ರಲ್ಲಿ ಪರ್ಡ್ಯೂ, ರಟ್ಗರ್ಸ್ ಮತ್ತು ಇಲಿನಾಯ್ ವಿಶ್ವವಿದ್ಯಾಲಯಗಳು ಸೇರಿ ಈ ಗುಣವನ್ನು ದೊಡ್ಡ, ಸಿಹಿ ಹಣ್ಣಿಗೆ ತರುವ ಕೆಲಸಕ್ಕೆ ಕೈಹಾಕಿದವು. ಪ್ರತಿ ತಲೆಮಾರಿನಲ್ಲೂ ಒಳ್ಳೆಯ ಸೇಬಿಗೆ ಮತ್ತೆ ಮತ್ತೆ ಅಡ್ಡಹಾಯಿಸಿ, ರೋಗ ಬಾರದ ಸಸಿಗಳನ್ನು ಮಾತ್ರ ಇಟ್ಟುಕೊಂಡು ಹೋಗಬೇಕು. ಸೇಬಿನ ಸಸಿ ಫಲ ಕೊಡಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಮೊದಲ ತಳಿ ಪ್ರೈಮಾ ಬಿಡುಗಡೆಯಾದದ್ದು 1970ರಲ್ಲಿ. ಕ್ರಾಂಡಲ್ ಅಡ್ಡಹಾಯಿಸಿದಂದಿನಿಂದ ಎಣಿಸಿದರೆ 56 ವರ್ಷ. ಅಡಿಕೆ, ತೆಂಗಿನ ತಳಿಗಾಗಿ ಕಾಯುವ ನಮಗೆ ಈ ಲೆಕ್ಕ ಅರ್ಥವಾಗುತ್ತದೆ.

ಆ ಒಂದು ಜೀನಿನ ಮೇಲೆ ಆಮೇಲೆ ಹತ್ತಾರು ತಳಿಗಳು ನಿಂತವು. ಕಾಶ್ಮೀರದಲ್ಲಿ ಬೆಳೆಸಿದ ಫಿರ್ದೌಸ್, ಶಿರೀನ್ ಎಂಬ ತಳಿಗಳೂ ಕಜ್ಜಿರೋಗ ತಡೆಯುವವೇ. ಆದರೆ ಯುರೋಪಿನಲ್ಲಿ ಅದಾಗಲೇ ಒಬ್ಬನೇ ಕಾವಲುಗಾರನನ್ನು ದಾಟುವ ಬೂಷ್ಟಿನ ಬಗೆ ಹುಟ್ಟಿಕೊಂಡಿತ್ತು. 1990ರ ದಶಕದ ಆರಂಭದಲ್ಲಿ ಜರ್ಮನಿಯಿಂದಲೂ ಇಂಗ್ಲೆಂಡಿನಿಂದಲೂ ಅದರ ವರದಿ ಬಂತು. 2004ರಲ್ಲಿ ವಿಜ್ಞಾನಿಗಳು ಇದೇ ಗುಂಪಿನ ಒಂದು ಜೀನನ್ನು ಬಿಡಿಸಿ ಗಾಲಾ ಎಂಬ ರೋಗ ಬರುವ ತಳಿಗೆ ಸೇರಿಸಿದಾಗ ಗಾಲಾ ರೋಗ ತಡೆಯಿತು. ಕೋಶದ ಹೊರಮೈಯಲ್ಲಿ ನಿಂತು ಬೂಷ್ಟನ್ನು ಗುರುತಿಸುವುದೇ ಅದರ ಕೆಲಸ ಎಂಬುದು ಇದರಿಂದ ಗಟ್ಟಿಯಾಯಿತು. ಬೂಷ್ಟು ತನ್ನ ವೇಷ ಬದಲಿಸಿದರೆ ಕಾವಲುಗಾರನಿಗೆ ಗುರುತು ಸಿಗುವುದಿಲ್ಲ. ಆದ್ದರಿಂದ ಈಗ ಎರಡು ಮೂರು ಬೇರೆ ಬೇರೆ ಜೀನುಗಳನ್ನು ಒಂದೇ ತಳಿಯಲ್ಲಿ ಕೂಡಿಸುವ ಪ್ರಯತ್ನ ನಡೆಯುತ್ತಿದೆ. 'ರೋಗ ಬಾರದ ಗಿಡ' ಎಂದು ಯಾರಾದರೂ ಸಸಿ ಮಾರಿದರೆ, ಯಾವ ರೋಗ, ಎಷ್ಟು ವರ್ಷದಿಂದ ನೋಡಿದ್ದೀರಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿಯೇ ಹಣ ಕೊಡಬೇಕು.

ನಮ್ಮ ದೇಶದ ತೋಟಗಳಲ್ಲಿ ರೋಗ ತಡೆಯುವ ತಳಿಗಳು ಇನ್ನೂ ಕಡಿಮೆ. ಇದಕ್ಕೆ ಪೇಟೆಯೇ ಕಾರಣ. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಲೆಸಿದ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಕೆಂಪು ಡೆಲಿಶಿಯಸ್ ಜಾತಿಯನ್ನು ಅಲ್ಲಿಗೆ ತಂದರು. ಆ ಬೆಟ್ಟದ ಬಡ ರೈತರ ಮನೆಗಳಿಗೆ ಅದರಿಂದ ಅನ್ನ ಬಂತು, ಸುಳ್ಳಲ್ಲ. ಆದರೆ ಬೆಟ್ಟದ ನಂತರ ಬೆಟ್ಟ ಒಂದೇ ಜಾತಿಯ ಸೇಬಿನಿಂದ ತುಂಬಿತು, ಅದೂ ಕಜ್ಜಿರೋಗ ಸುಲಭವಾಗಿ ಹಿಡಿಯುವ ಜಾತಿ. ಕಾಶ್ಮೀರದಲ್ಲಿ 1973ರಲ್ಲಿ, ಹಿಮಾಚಲದಲ್ಲಿ 1983ರಲ್ಲಿ ಕಜ್ಜಿರೋಗ ಸಾಂಕ್ರಾಮಿಕವಾಗಿ ಎದ್ದಿತು. ಅಂದಿನಿಂದ ಅಲ್ಲಿನ ರೈತರು ಮೊಗ್ಗೊಡೆಯುವ ಹೊತ್ತಿನಿಂದ ಕೊಯ್ಲಿನವರೆಗೆ ಪಟ್ಟಿ ಹಿಡಿದು ಔಷಧಿ ಹೊಡೆಯುತ್ತಾರೆ. ನಾವು ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಹೊಡೆಯುತ್ತೇವಲ್ಲ, ಅಂತಹ ಓಟವನ್ನು ಅವರು ಒಂದು ಬೆಳೆಯಲ್ಲಿ ಹಲವು ಸಲ ಓಡಬೇಕು. ಬಿದ್ದ ಎಲೆಗಳಲ್ಲಿ ಬೂಷ್ಟು ಚಳಿಗಾಲ ಕಳೆಯುತ್ತದೆ. ಆ ಎಲೆಗಳ ಮೇಲೆ ಯೂರಿಯಾ ನೀರು ಸಿಂಪಡಿಸಿ ಬೇಗ ಕೊಳೆಯಿಸುವುದು ಒಂದು ಒಳ್ಳೆಯ, ಅಗ್ಗದ ಕ್ರಮ.

ಬೇರಿನಲ್ಲಿ ತಡೆ

ಕಜ್ಜಿರೋಗಕ್ಕಿಂತ ಹೆಚ್ಚು ಗಟ್ಟಿಯಾಗಿ ನಿಂತ ತಡೆ ಇನ್ನೊಂದಿದೆ. ಬಿಳಿ ಹತ್ತಿ ಅಂಟಿಸಿದಂತೆ ಕಾಣುವ ಒಂದು ಸಸ್ಯಹೇನು ಸೇಬಿನ ಕೊಂಬೆ ಮತ್ತು ಬೇರುಗಳಲ್ಲಿ ಗಂಟು ಕಟ್ಟಿಸಿ ಮರವನ್ನು ಸೊರಗಿಸುತ್ತದೆ. ಅಮೆರಿಕದಿಂದ ಸಸಿಗಳೊಡನೆ ಹಡಗೇರಿ ಇದು ಪ್ರಪಂಚವೆಲ್ಲ ಹಬ್ಬಿತು. ಕೊಂಬೆಯ ಮೇಲಿದ್ದರೆ ಔಷಧಿ ಹೊಡೆಯಬಹುದು, ಮಣ್ಣಿನೊಳಗಿನ ಬೇರಿಗೆ ಏನು ಹೊಡೆಯುವುದು? ನಾರ್ದರ್ನ್ ಸ್ಪೈ ಎಂಬ ಹಳೆಯ ಅಮೆರಿಕನ್ ಸೇಬಿಗೆ ಈ ಹೇನು ಅಂಟುವುದಿಲ್ಲವೆಂಬುದು 19ನೆಯ ಶತಮಾನದಲ್ಲೇ ರೈತರಿಗೆ ತಿಳಿದಿತ್ತು. ಇಂಗ್ಲೆಂಡಿನ ಮರ್ಟನ್ ಮತ್ತು ಈಸ್ಟ್ ಮಾಲಿಂಗ್ ಕೇಂದ್ರಗಳು ಅದನ್ನು ಬಳಸಿ ಎಂಎಂ-106, ಎಂಎಂ-111 ಮೊದಲಾದ ಬುಡದ ಗಿಡಗಳನ್ನು ಮಾಡಿದವು. ಬುಡ ಇದರದ್ದು, ಮೇಲಿನ ಕಸಿ ಬೇಕಾದ ಸೇಬಿನದ್ದು. ಹಿಮಾಚಲದ ತೋಟಗಳಲ್ಲಿ ಈಗಲೂ ಇವು ನಡೆಯುತ್ತಿವೆ.

ನಮ್ಮಲ್ಲಿ ಕರಿಮೆಣಸಿನ ಬಳ್ಳಿಯನ್ನು ಕೊಲುಬ್ರಿನಂ ಎಂಬ ದಕ್ಷಿಣ ಅಮೆರಿಕದ ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟುವವರು ಮಾಡುತ್ತಿರುವುದೂ ಇದನ್ನೇ. ಮೆಣಸಿನ ಸೊರಗು ರೋಗ ಬುಡದಿಂದ ಬರುತ್ತದೆ, ಆ ಹಿಪ್ಪಲಿಯ ಬೇರಿಗೆ ಅದು ಹತ್ತುವುದಿಲ್ಲ. ಆದರೆ ಅದು ನೀರಿರುವ ಜಾಗದ ಗಿಡ, ಬೇಸಿಗೆಯಲ್ಲಿ ನೀರು ತಪ್ಪಿದರೆ ಒಣಗುತ್ತದೆ. ಕಸಿ ಕಟ್ಟಿದ ಜಾಗದ ಮೇಲಿಂದ ಮೆಣಸಿನ ಬೇರು ಇಳಿದು ಮಣ್ಣು ಮುಟ್ಟಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಸೇಬಿನಲ್ಲೂ ಹೀಗೆಯೇ: ಕಸಿಯ ಗಂಟು ಮಣ್ಣಿನೊಳಗೆ ಹೂತುಹೋದರೆ ಮೇಲಿನ ಜಾತಿ ತನ್ನದೇ ಬೇರು ಬಿಟ್ಟು ಹೇನನ್ನು ಕರೆದುಕೊಳ್ಳುತ್ತದೆ. ಸೇಬಿನ ಸಸಿ ನೆಡುವವರು ಗಂಟು ನೆಲದಿಂದ ಒಂದು ಗೇಣಾದರೂ ಮೇಲಿರುವಂತೆ ನೋಡಿಕೊಳ್ಳಿ.

ವಾಸನೆಯ ಕೂಗು

ಮರದ ರಸಾಯನ ವಿಷದಲ್ಲೇ ಮುಗಿಯುವುದಿಲ್ಲ. ಕೆಂಪು ನುಸಿ ಸೇಬಿನ ಎಲೆಯ ರಸ ಹೀರತೊಡಗಿದಾಗ ಎಲೆ ಕೆಲವು ಬಗೆಯ ವಾಸನೆಯ ಆವಿಗಳನ್ನು ಬಿಡುತ್ತದೆ. ನಮ್ಮ ಮೂಗಿಗೆ ತಿಳಿಯದಷ್ಟು ಸೂಕ್ಷ್ಮ. ಆ ನುಸಿಯನ್ನು ತಿನ್ನುವ ಇನ್ನೊಂದು ಜಾತಿಯ ನುಸಿ ಈ ವಾಸನೆ ಹಿಡಿದು ಬರುತ್ತದೆ. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಇದು ಖಚಿತವಾಯಿತು. ಎಲೆ 'ಬನ್ನಿ, ಇಲ್ಲಿ ಕಳ್ಳರಿದ್ದಾರೆ' ಎಂದು ಕೂಗಿದ ಹಾಗೆ.

ಆದರೆ ಕೂಗು ಕೇಳಿ ಬರಲು ಯಾರಾದರೂ ಬದುಕಿರಬೇಕಲ್ಲ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂದಾಗ ಅಮೆರಿಕ, ಯುರೋಪಿನ ಸೇಬಿನ ತೋಟಗಳಲ್ಲಿ ಅದನ್ನು ಯಥೇಚ್ಛ ಹೊಡೆದರು. ಕಾಯಿಕೊರಕ ಹುಳ ಸತ್ತಿತು. ಜೊತೆಗೆ ನುಸಿ ತಿನ್ನುವ ನುಸಿಗಳೂ ಸತ್ತವು. ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲದ ಕೆಂಪು ನುಸಿ ಮುಖ್ಯ ಪೀಡೆಯಾಯಿತು. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಎ. ಡಿ. ಪಿಕೆಟ್ ಎಂಬ ಕೀಟತಜ್ಞರು ಇದನ್ನು ಕಂಡು, ಮಿತ್ರಕೀಟಗಳು ಉಳಿಯುವಂತಹ ಔಷಧಿಯನ್ನು, ಬೇಕಾದಾಗ, ಬೇಕಾದಷ್ಟೇ ಹೊಡೆಯುವ ಕ್ರಮವನ್ನು ರೈತರಿಗೆ ಕಲಿಸಿದರು. ರೇಚಲ್ ಕಾರ್ಸನ್ 1962ರಲ್ಲಿ ಬರೆದ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಅವರ ಕೆಲಸದ ಪ್ರಸ್ತಾಪವಿದೆ. ಹತ್ತಿಯಂತಹ ಹೇನಿಗೂ ಒಂದು ಮಿತ್ರಕೀಟ ಉಂಟು, ಅಫೆಲೈನಸ್ ಎಂಬ ಸಾಸಿವೆಗಿಂತ ಸಣ್ಣ ಕಣಜ. ಹಿಮಾಲಯದ ತೋಟಗಳಿಗೂ ಅದನ್ನು ತಂದು ಬಿಟ್ಟಿದ್ದಾರೆ. ಹೇನು ಕಪ್ಪಾಗಿ, ಬೆನ್ನಿನಲ್ಲಿ ದುಂಡು ತೂತು ಇದ್ದರೆ ಅದು ಈ ಕಣಜದ ಕೆಲಸ. ಅಂತಹ ಕೊಂಬೆಗೆ ಔಷಧಿ ಹೊಡೆಯುವುದು ಮನೆಯ ಬೆಕ್ಕನ್ನು ಹೊಡೆದು ಇಲಿ ಸಾಕಿದ ಹಾಗೆ.

ವಾಸನೆಯ ಉಪಾಯಕ್ಕೂ ಇನ್ನೊಂದು ಮುಖವಿದೆ. ಸೇಬಿನ ಸಿಪ್ಪೆಯ ಮೇಣದಲ್ಲಿರುವ ಫಾರ್ನೆಸೀನ್ ಎಂಬ ವಾಸನೆಯೇ ಕಾಡ್ಲಿಂಗ್ ಪತಂಗದ ಎಳೆ ಹುಳುವಿಗೆ ಹಣ್ಣಿನ ದಾರಿ ತೋರಿಸುತ್ತದೆ. ನಮ್ಮ ದೇಶದಲ್ಲಿ ಆ ಹುಳು ಲಡಾಖ್‌ನಲ್ಲಿ ನೆಲೆಸಿದೆ. ಅದಕ್ಕಾಗಿಯೇ ಅಲ್ಲಿಂದ ತಾಜಾ ಸೇಬು ಹೊರಗೆ ಸಾಗಿಸಲು ನಿರ್ಬಂಧವಿತ್ತು.

ಇನ್ನು ಗೊಬ್ಬರದ ಮಾತು. ಕಹಿ ತಯಾರಿಸಲು ಮರಕ್ಕೆ ಬಂಡವಾಳ ಬೇಕು. ಸಾರಜನಕ ವಿಪರೀತ ಸಿಕ್ಕಿದಾಗ ಮರ ಆ ಬಂಡವಾಳವನ್ನೆಲ್ಲ ಚಿಗುರಿಗೆ ಸುರಿಯುತ್ತದೆ. ಎಲೆ ಹಸಿರಾಗಿ, ಮೆತ್ತಗಾಗಿ, ನೋಡಲು ಚೆಂದವಾಗುತ್ತದೆ. ಒಳಗೆ ಫೀನಾಲ್‌ಗಳು ಇಳಿಯುತ್ತವೆ. ಜರ್ಮನಿಯಲ್ಲಿ ಸೇಬಿನ ಮೇಲೆ ನಡೆದ ಅಧ್ಯಯನಗಳು ಸಾರಜನಕ ಏರಿದಂತೆ ಎಲೆಯ ಫೀನಾಲ್ ಇಳಿದು ಕಜ್ಜಿರೋಗ ಹೆಚ್ಚಾದದ್ದನ್ನು ತೋರಿಸಿವೆ. ಭತ್ತದ ಗದ್ದೆಗೆ ಯೂರಿಯಾ ಜಾಸ್ತಿಯಾದರೆ ಜಿಗಿಹುಳು ಮತ್ತು ಬೆಂಕಿರೋಗ ಓಡಿಬರುವುದನ್ನು ನಾವು ಬಲ್ಲೆವು. ಸೇಬಿನ ಮರಕ್ಕೂ ಹೊಟ್ಟೆ ಬಿರಿಯೆ ಉಣಿಸಬಾರದು.

ತೊಗಟೆಯಿಂದ ಔಷಧದಂಗಡಿಗೆ

ಈಗ ಸಿಹಿಮೂತ್ರದ ವಿಷಯಕ್ಕೆ ಬರೋಣ. 1835ರಲ್ಲಿ ಬೆಲ್ಜಿಯಂನ ಡಿ ಕೊನಿಂಕ್ ಮತ್ತು ಸ್ಟಾಸ್ ಎಂಬ ರಸಾಯನ ತಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಅನ್ನು ಬೇರ್ಪಡಿಸಿದರು. ಅದರ ಕಹಿ ಸಿಂಕೋನಾ ತೊಗಟೆಯ ಕಹಿಯಂತೆಯೇ ಇದ್ದುದರಿಂದ, ಕ್ವಿನೈನಿನಂತೆ ಇದೂ ಜ್ವರಕ್ಕೆ ಮದ್ದಾದೀತೆಂದು ವೈದ್ಯರು ನಂಬಿದರು. ಜ್ವರದ ಮದ್ದಾಗಿ ಅದು ನಿಲ್ಲಲಿಲ್ಲ. 1886ರಲ್ಲಿ ಜೋಸೆಫ್ ಫಾನ್ ಮೇರಿಂಗ್ ಎಂಬ ವೈದ್ಯರು ಅದನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮೂತ್ರದಲ್ಲಿ ಸಕ್ಕರೆ ಬರುವುದನ್ನು ಕಂಡರು. ಇದೇ ಮೇರಿಂಗ್ ಮತ್ತು ಮಿಂಕೋವ್ಸ್ಕಿ 1889ರಲ್ಲಿ ಮೇದೋಜೀರಕ ಗ್ರಂಥಿ ತೆಗೆದ ನಾಯಿಗೆ ಸಕ್ಕರೆ ಕಾಯಿಲೆ ಬರುವುದನ್ನು ತೋರಿಸಿದವರು.

ಮೂತ್ರದಲ್ಲಿ ಸಕ್ಕರೆ ತರಿಸುವ ವಸ್ತು ಸಿಹಿಮೂತ್ರಕ್ಕೆ ಮದ್ದಾಗುವುದು ಹೇಗೆ? ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆಯನ್ನು ರಕ್ತದಿಂದ ಸೋಸಿ, ಅದನ್ನೆಲ್ಲ ಮತ್ತೆ ಹೀರಿ ರಕ್ತಕ್ಕೇ ಒಪ್ಪಿಸುತ್ತವೆ. ಈ ಹಿಂತಿರುಗಿಸುವ ಕೆಲಸದ ಹೆಚ್ಚಿನ ಪಾಲು ಒಂದು ಸಾಗಣೆ ಪ್ರೋಟೀನಿನದ್ದು. ಫ್ಲೋರಿಜಿನ್ ಆ ಬಾಗಿಲನ್ನು ಮುಚ್ಚುತ್ತದೆ. ಆಗ ಹೆಚ್ಚುವರಿ ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗಿ ರಕ್ತದಲ್ಲಿ ಇಳಿಯುತ್ತದೆ. ಬಾವಿಯ ನೀರು ಉಕ್ಕಿದಾಗ ಕಟ್ಟೆ ಏರಿಸುವುದರ ಬದಲು ಚರಂಡಿ ಬಿಡಿಸಿದ ಹಾಗೆ.

ಆದರೆ ತೊಗಟೆಯ ಫ್ಲೋರಿಜಿನ್ ಮಾತ್ರೆಯಾಗಲು ಯೋಗ್ಯವಲ್ಲ. ಬಾಯಿಂದ ತೆಗೆದುಕೊಂಡರೆ ಅದರ ಹೆಚ್ಚಿನ ಪಾಲು ಕರುಳಿನಲ್ಲೇ ಒಡೆದುಹೋಗುತ್ತದೆ. ಕರುಳಿನಲ್ಲಿ ಸಕ್ಕರೆ ಹೀರುವ ಇನ್ನೊಂದು ಬಾಗಿಲನ್ನೂ ಅದು ಮುಚ್ಚುವುದರಿಂದ ಭೇದಿಯಾಗುತ್ತದೆ. ರಸಾಯನ ತಜ್ಞರು ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು, ಕರುಳಿನಲ್ಲಿ ಒಡೆಯದ, ಮೂತ್ರಪಿಂಡದ ಬಾಗಿಲನ್ನೇ ಹಿಡಿಯುವ ಹೊಸ ವಸ್ತುಗಳನ್ನು ಪ್ರಯೋಗಾಲಯದಲ್ಲಿ ಮಾಡಿದರು. ಡಾಪಾಗ್ಲಿಫ್ಲೋಜಿನ್ 2012ರಲ್ಲಿ ಯುರೋಪಿನಲ್ಲಿ, ಕೆನಾಗ್ಲಿಫ್ಲೋಜಿನ್ 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು, ಎಂಪಾಗ್ಲಿಫ್ಲೋಜಿನ್ ಅವುಗಳ ಹಿಂದೆಯೇ ಬಂತು. ಹೃದಯದ ಸೋಲು ಇರುವವರಿಗೂ ಮೂತ್ರಪಿಂಡ ಕುಂದುತ್ತಿರುವವರಿಗೂ ಇವು ಉಪಕಾರ ಮಾಡುತ್ತವೆಂದು ಆಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ತಿಳಿದುಬಂತು. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ನಿಮ್ಮ ಮನೆಯ ಹಿರಿಯರ ಮಾತ್ರೆಯ ಚೀಟಿಯಲ್ಲಿ 'ಗ್ಲಿಫ್ಲೋಜಿನ್' ಎಂದು ಕೊನೆಯಾಗುವ ಹೆಸರಿದ್ದರೆ ಅದರ ಹಿರಿಯಜ್ಜ ಸೇಬಿನ ಮರದ ಬೇರಿನಲ್ಲಿದ್ದಾನೆ.

ಇವುಗಳನ್ನು ಸೇವಿಸುವ ಬೇಸಾಯಗಾರರು ಕೆಲವು ವಿಷಯ ತಿಳಿದಿರಬೇಕು. ಸಕ್ಕರೆಯೊಡನೆ ನೀರೂ ಹೊರಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತೋಟದ ಕೆಲಸ ಮಾಡುವಾಗ ನೀರು ಕುಡಿಯದಿದ್ದರೆ ತಲೆ ತಿರುಗಿ ಬೀಳಬಹುದು. ಮೂತ್ರದಲ್ಲಿ ಸಕ್ಕರೆಯಿರುವುದರಿಂದ ಗುಪ್ತಾಂಗದಲ್ಲಿ ಬೂಷ್ಟಿನ ತುರಿಕೆ ಬರುತ್ತದೆ. ನಾಚಿಕೆಪಡದೆ ವೈದ್ಯರಿಗೆ ಹೇಳಿ, ಸ್ವಚ್ಛತೆಯಿಂದ ಮತ್ತು ಸಣ್ಣ ಔಷಧಿಯಿಂದ ಹೋಗುತ್ತದೆ. ಊಟ ಬಿಟ್ಟಾಗ, ವಾಂತಿ-ಭೇದಿಯಾದಾಗ, ವಿಪರೀತ ಮದ್ಯ ಕುಡಿದಾಗ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿ ಪ್ರಾಣಕ್ಕೆ ಅಪಾಯವಾಗುವುದುಂಟು. ಆಗ ಸಕ್ಕರೆಯ ಅಂಕಿ ಹೆಚ್ಚೇನೂ ಏರಿರದೆ ಇರಬಹುದು, ಮೋಸಹೋಗಬಾರದು. ಹೊಟ್ಟೆನೋವು, ವಾಂತಿ, ಏದುಸಿರು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರೆಂದು ಹೇಳಬೇಕು. ತಪಸ್ಸುಕಾಲದಲ್ಲಿ ಉಪವಾಸ ಮಾಡುವ ಹಿರಿಯರು ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ. ಆಪರೇಷನ್‌ಗೆ ಮುಂಚೆ ಕೆಲವು ದಿನ ಈ ಮಾತ್ರೆಯನ್ನು ನಿಲ್ಲಿಸುತ್ತಾರೆ, ಅದನ್ನೂ ನೆನಪಿಸಬೇಕು.

ತೊಗಟೆ ಕುದಿಸಿ ಕಷಾಯ ಕುಡಿಯುವ ವಿಚಾರವನ್ನು ಮಾತ್ರ ಬಿಟ್ಟುಬಿಡಿ. ಒಂದು ಲೋಟದಲ್ಲಿ ಫ್ಲೋರಿಜಿನ್ ಎಷ್ಟಿದೆಯೆಂದು ಮನೆಯಲ್ಲಿ ಅಳೆಯಲಾಗದು. ಇದ್ದರೂ ಮೈಗೆ ಹತ್ತುವುದಿಲ್ಲ. ತೋಟದ ಮರವಾಗಿದ್ದರೆ ತೊಗಟೆಯಲ್ಲಿ ವರ್ಷಗಟ್ಟಲೆ ಹೊಡೆದ ಔಷಧಿಯೂ ಇರುತ್ತದೆ. ಅದನ್ನು ನಂಬಿ ಇನ್ಸುಲಿನ್ ಅಥವಾ ಮಾತ್ರೆ ನಿಲ್ಲಿಸಿದರೆ ಕಾಲು, ಕಣ್ಣು, ಕೊನೆಗೆ ಜೀವವೇ ಹೋದೀತು.

ಹಣ್ಣನ್ನು ತಿನ್ನಲು ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯವರೂ ಒಂದು ಸಣ್ಣ ಸೇಬನ್ನು ಊಟದ ಲೆಕ್ಕದಲ್ಲಿ ಸೇರಿಸಿ ತಿನ್ನಬಹುದು, ರಸ ಹಿಂಡಿ ಕುಡಿಯುವುದು ಬೇಡ. ನಾರು ಮತ್ತು ಫೀನಾಲ್‌ಗಳು ಸಿಪ್ಪೆಯಲ್ಲಿ ಹೆಚ್ಚು. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು ಸಿಪ್ಪೆಸಹಿತ ತಿನ್ನಿ. ಬೀಜದಲ್ಲಿ ಮರಗೆಣಸಿನಂತೆಯೇ ಸಯನೈಡ್ ಹುಟ್ಟಿಸುವ ವಸ್ತು ಇದೆ. ಗೊತ್ತಿಲ್ಲದೆ ಒಂದೆರಡು ಬೀಜ ನುಂಗಿದ ಮಗುವಿಗೆ ಏನೂ ಆಗುವುದಿಲ್ಲ, ಅದು ಹಾಗೆಯೇ ಹೊರಗೆ ಹೋಗುತ್ತದೆ. ಬೀಜಗಳನ್ನು ಕೂಡಿಟ್ಟು ಅರೆದು ಮದ್ದೆಂದು ತಿನ್ನುವವರಿದ್ದರೆ ತಡೆಯಿರಿ.